ಜೋಡಿ ಗ್ರಾಫಿಕ್ಸ್ ಕಾರ್ಡಿನ ಫಜೀತಿ

ಹೋದ ಭಾನುವಾರ ನನ್ನ ತಂಗಿ ಶೋಭಾ ನನ್ನನ್ನು ‘ಅಣ್ಣ’ ಎನ್ನಲಿಲ್ಲ. ಹೆಸರು ಹಿಡಿದು ಕರೆದಳು. ನಲವತ್ತು ವರ್ಷದಲ್ಲಿ ಇದೇ ಮೊದಲು.

ತಪ್ಪು ನನ್ನದೇ. ಶೋಭಾ ತುಮಕೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಾಳೆ. ಅವಳ ಕಂಪ್ಯೂಟರಿನಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ ಇದೆ. ವಿಡಿಯೊ ಕೆಲಸದ ಭಾರವನ್ನೆಲ್ಲ ಹೊರುವುದು ಅದೇ. ನನ್ನ ಮನೆಯಲ್ಲೂ ಒಂದಿತ್ತು. (ಅಂಕಣ ಬರೆಯೋಕೆ ಬೇಕೇ ಬೇಕು ಎಂದು ಹೆಂಡತಿಗೆ ಹೇಳಿ ತಂದದ್ದು. ಆಡಿದ್ದು ಕಾರ್ ರೇಸ್.) ಒಂಟೆತ್ತಿಗಿಂತ ಜೋಡೆತ್ತು ಜೋರಲ್ಲವೇ? ಒಯ್ದು ಕೊಟ್ಟೆ.

ಶೋಭಾಳ ಕಂಪ್ಯೂಟರ್ ರಿಪೇರಿ ಮಾಡುವ ಇಮ್ತಿಯಾಜ್ ಭಾಯ್ ನೋಡಿದ ತಕ್ಷಣ ತಲೆಯಾಡಿಸಿದರು. “ಬೇಡ ಸಾರ್. ಥ್ರೀಡಿ ಕೆಲ್ಸ ಮಾಡೋರ್ಗೆ ಎರಡು ಕಾರ್ಡ್ ಓಕೆ. ಈಗಿನ ಗೇಮ್‌ಗಳು ಎರಡನೇದನ್ನ ತಿರುಗೂ ನೋಡಲ್ಲ. ಅಕ್ಕನ ಸಾಫ್ಟ್‌ವೇರೂ ಒಂದನ್ನೇ ಯೂಸ್ ಮಾಡೋದು. ಪವರ್ ಸಪ್ಲೈ ಬೇರೆ ಚಿಕ್ಕದು, ಎರಡಕ್ಕೆ ಕರೆಂಟ್ ಸಾಲಲ್ಲ.”

ಯೂಟ್ಯೂಬಿನಲ್ಲಿ ಎರಡು ವಿಡಿಯೊ ನೋಡಿದವನು ಮೆಕ್ಯಾನಿಕ್ ಮಾತು ಕೇಳುತ್ತಾನೆಯೇ?

“ಹಾಕಿ ಭಾಯ್, ನಾನಿದೀನಿ” ಎಂದೆ.

ಭಾನುವಾರ ಸಂಜೆ ಗುಬ್ಬಿಯಲ್ಲಿ ಒಂದು ರಿಸೆಪ್ಷನ್. ಮದುಮಗಳ ಅಪ್ಪ ಕುಣಿಗಲ್–ಅಮೃತೂರು ದಾರಿಯಲ್ಲಿ ಜೀವಮಾನವೆಲ್ಲ ಪ್ರೈವೇಟ್ ಬಸ್ ಓಡಿಸಿದವರು. ಅವರಿಗೆ ಗೊತ್ತಾಗದ ಹಾಗೆ ಮಗಳು ಹಳೆಯ ಪ್ರಯಾಣಿಕರನ್ನೆಲ್ಲ ಹುಡುಕಿ, ಮಾತಾಡಿಸಿ, ಶೂಟ್ ಮಾಡಿಸಿದ್ದಳು. ಮಂಟಪದ ದೊಡ್ಡ ಪರದೆಯಲ್ಲಿ ಅಪ್ಪನಿಗೆ ತೋರಿಸುವ ಆಸೆ.

ಮಧ್ಯಾಹ್ನ ಶೋಭಾ ಫೈನಲ್ ಫೈಲ್ ತೆಗೆಯಲು ಬಟನ್ ಒತ್ತಿದಳು. ಫ್ಯಾನ್‌ಗಳು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿದವು. ಆಮೇಲೆ ಟಪ್. ಪರದೆ ಕಪ್ಪು. ಮತ್ತೆ ಆನ್ ಮಾಡಿದೆವು. ಮತ್ತೆ ಟಪ್. ಅತ್ತ ಮದುಮಗಳ ಫೋನು: “ಅಕ್ಕಾ, ಆಯ್ತಾ?”

ಶೋಭಾ ಫೋನ್ ಇಟ್ಟು ನನ್ನ ಕಡೆ ತಿರುಗಿದಳು. “ಮಂಜುನಾಥ, ಆ ದರಿದ್ರದ ಕಾರ್ಡ್ ಹಾಕ್ಸು ಅಂತ ನಿನ್ನ ಯಾರಾದ್ರೂ ಕೇಳಿದ್ರಾ?”

ಬೈಕ್ ಹತ್ತಿ ಹೋಗಿ, ಊಟಕ್ಕೆ ಕೂತಿದ್ದ ಭಾಯ್‌ರನ್ನು ಎಬ್ಬಿಸಿ ಕರೆತಂದೆ. ಅವರು ಡಬ್ಬದ ಬಾಗಿಲು ತೆಗೆದು ಟಾರ್ಚ್ ಬಿಟ್ಟರು.

“ನೋಡಿ ಸಾರ್. ಈ ಎರಡನೇದು ಏನೂ ಕೆಲ್ಸ ಮಾಡ್ತಿಲ್ಲ. ಸುಮ್ನೆ ಕೂತು ಕರೆಂಟ್ ತಿಂತಾ ಇದೆ. ಕೆಲ್ಸ ಮಾಡೋ ಕಾರ್ಡಿಗೆ ಗಾಳಿ ಆಡಕ್ಕೂ ಜಾಗ ಬಿಟ್ಟಿಲ್ಲ.”

ಇಬ್ಬರೂ ನನ್ನನ್ನೇ ನೋಡಿದರು. (ಕಾರ್ಡನ್ನು ನೋಡಬಹುದಿತ್ತು.)

ಭಾಯ್ ನನ್ನ ಕಾರ್ಡನ್ನು ಅದರ ಸ್ಲಾಟಿನಿಂದ ಕಿತ್ತು ನನ್ನ ಕೈಗಿಟ್ಟರು. ಉಳಿದ ಒಂದೇ ಕಾರ್ಡು, ಒಂದು ಸಲವೂ ಮುನಿಸಿಕೊಳ್ಳದೆ ಫೈಲ್ ಮುಗಿಸಿಕೊಟ್ಟಿತು. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಗುಬ್ಬಿ ತಲುಪಿದಾಗ ಫೋಟೊಗೆ ಕ್ಯೂ ನಿಂತಿತ್ತು.

ಪರದೆಯ ಮೇಲೆ ಅಮೃತೂರಿನ ಒಬ್ಬ ಅಜ್ಜಿ ಹೇಳುತ್ತಿದ್ದರು: “ನನ್ ಕೋಳಿ ಬುಟ್ಟಿಯಿಂದ ಹಾರೋಯ್ತು. ಈವಪ್ಪ ಬಸ್ ನಿಲ್ಸಿ, ಗದ್ದೇಗಿಳ್ದು ಹಿಡ್ಕೊಟ್ಟವ್ನೆ. ಟೈಮಾಯ್ತು ಅಂತ ಕಂಡಕ್ಟ್ರು ಕೂಗುದ್ರೆ, ‘ಆಗ್ಲಿ ಬುಡು’ ಅಂದ.”

ಮಂಟಪವೆಲ್ಲ ನಗು. ಡ್ರೈವರ್ ಅಪ್ಪ ಮಾತ್ರ ಹೊಸ ಶಲ್ಯದಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಮಗಳು ವೇದಿಕೆಯಿಂದ ಇಳಿದು ಓಡಿದಳು. ನನ್ನ ಪಕ್ಕದಲ್ಲಿ ಶೋಭಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಂಪ್ಯೂಟರಿಗೆ ಎರಡನೇ ಕಾರ್ಡ್ ಬೇಕೇ ಎಂದು ಕೇಳುವವರಿಗೆ ಈಗ ಭಾಯ್ ನಂಬರ್ ಕೊಡುತ್ತೇನೆ. ಆದರೆ ಕೇಳದೆಯೇ ಸಹಾಯ ಹೊತ್ತು ಬರುವ ನನ್ನಂಥವರನ್ನು ಯಾವ ಸ್ಲಾಟಿನಿಂದ ಕೀಳುತ್ತೀರಿ?