ಒಲೆ ಆರಿಸಿದ ಮೇಷ್ಟ್ರು

ಐವತ್ತರ ದಶಕದ ಸರಸ್ವತಿಪುರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರು ಹಿಂದೆ ನಮ್ಮಪ್ಪನಿಗೆ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಅವರು ಬೇಯಿಸಿದ ಊಟವನ್ನೇ ಬಿಟ್ಟಿದ್ದರು. ನೆನೆಸಿದ ಹೆಸರುಕಾಳನ್ನು ಜುಬ್ಬದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದುದರಿಂದ ಆ ಜೇಬು ಯಾವಾಗಲೂ ಒದ್ದೆ. ತಲೆನೋವು ಎಂದವರಿಗೂ ಮಂಡಿನೋವು ಎಂದವರಿಗೂ ಅದರಿಂದಲೇ ಒಂದು ಹಿಡಿ ತೆಗೆದುಕೊಟ್ಟು, "ಬೆಂಕಿ ಕಂಡದ್ದು ಹೊಟ್ಟೆ ಕಾಣಬಾರದು ಕಣ್ರೀ" ಎನ್ನುತ್ತಿದ್ದರು.

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅಮ್ಮ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ವಾಸನೆ ಹಿಡಿದು ಬಂದ ಮೇಷ್ಟ್ರು ನೇರವಾಗಿ ಅಡಿಗೆಮನೆಗೆ ನುಗ್ಗಿ, ಉರಿಯುತ್ತಿದ್ದ ಸೌದೆಯ ಮೇಲೆ ಒಂದು ಚೊಂಬು ನೀರು ಸುರಿದುಬಿಟ್ಟರು.

"ಮನೆಗೆ ಬರೋರಿಗೆ ರೋಗ ಬಡಿಸ್ತೀಯೇನಮ್ಮಾ?"

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪನಿಗೆ ಆಗಲೇ ತಲೆ ನರೆತಿತ್ತು. ಆದರೂ ಮೇಷ್ಟ್ರ ಎದುರು ಕೈಕಟ್ಟಿ ನಿಂತು, "ಹೋಗ್ಲಿ ಬುಡು, ಮೇಷ್ಟ್ರು ಹೇಳಿದ್ಮೇಲೆ ಮುಗೀತು" ಎಂದರು.

ಗಂಡಿನವರ ಮುಂದೆ ಮೊಳಕೆ ಕಾಳು, ಸೌತೆಕಾಯಿ, ಬೂದುಗುಂಬಳದ ಹಸಿ ರಸ ಬಂದವು. ಕಾಫಿಯೂ ಇಲ್ಲ. ಗಂಡಿನ ತಾಯಿ ಅಡಿಗೆಮನೆಯ ಕಡೆ ಮತ್ತೆ ಮತ್ತೆ ಬಗ್ಗಿ ನೋಡಿದರು. ಅವರು ಹೋದ ಮೇಲೆ ಅಕ್ಕ ಗೋಡೆಗೆ ಮುಖ ಮಾಡಿ ಅತ್ತಳು.

ಮರುದಿನ, ಸಂಬಂಧ ತಂದಿದ್ದ ಸೋದರಮಾವ ಬಂದು ಹೇಳಿದರು: "ಹುಡ್ಗಿ ಒಪ್ಗೆಯಂತೆ. ಆದ್ರೆ ಮದ್ವೆ ದಿನ ಒಲೆ ಹಚ್ಲೇಬೇಕಂತೆ."

ಅಮ್ಮ ತುಪ್ಪದ ದೀಪ ಹಚ್ಚಲು ದೇವರಮನೆಗೆ ಓಡಿದಳು. ಕಾಂಪೌಂಡಿನ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮೇಷ್ಟ್ರು ಒದ್ದೆ ಜೇಬು ತಟ್ಟಿಕೊಂಡು, "ನೋಡಿದ್ರಾ, ಒಂದೇ ಹಿಡಿ ಕಾಳಿಗೆ ಒಪ್ಕೊಂಡ್ಬುಟ್ರು!" ಎಂದರು.