ಗೊಬ್ಬರದಕ್ಕನ ಇಪ್ಪತ್ತು ಪದಗಳು

ಊರಿನ ಹಸಿಕಸವೆಲ್ಲ ಗೊಬ್ಬರವಾಗುವ ಅಂಗಳದಲ್ಲಿ ಹತ್ತೊಂಬತ್ತು ವರ್ಷ ಬುಟ್ಟಿ ಹೊತ್ತವಳು ಅವಳು. ಎಲ್ಲರ ಬಾಯಲ್ಲೂ ಗೊಬ್ಬರದಕ್ಕ; ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಈಚೆಗೆ ಮಂಡಿಗಳು ಕೈಕೊಟ್ಟಿದ್ದವು. ಅಷ್ಟರಲ್ಲಿ ಅಲ್ಲೇ ಮೇಲ್ವಿಚಾರಕರ ಜಾಗ ಖಾಲಿಯಾಯಿತು. ಅದು ಸಿಕ್ಕರೆ ತಲೆ ಮೇಲಿನ ಬುಟ್ಟಿ ಇಳಿಯುತ್ತದೆ, ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ. ಕಚೇರಿಯವರು ಇಪ್ಪತ್ತು ಪರಿಸರ ಪದಗಳ ಪಟ್ಟಿ ಕೊಟ್ಟು, ಅರ್ಥವನ್ನು ಬಾಯಲ್ಲೇ ಹೇಳಬೇಕು ಎಂದಿದ್ದರು.

ದರ್ಜಿ ಗಂಡ ಹೊಲಿಗೆ ಯಂತ್ರ ತುಳಿಯುತ್ತಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದ.

“ಜೈವಿಕ ವಿಘಟನೆ ಅಂದ್ರೇನೇ?”

“ಕಿತ್ತಳೆ ಸಿಪ್ಪೆದಾ, ಹತ್ತಿ ಬಟ್ಟೆದಾ?”

“ಅರ್ಥ ಹೇಳು ಅಂದ್ರೆ ನನ್ನನ್ನೇ ಪ್ರಶ್ನೆ ಕೇಳ್ತೀಯಲ್ಲ!”

ಪಾಪ, ತಪ್ಪು ಅವಳದಲ್ಲ. ಆ ಅಂಗಳದಲ್ಲಿ ಏನೇ ಬಂದು ಬಿದ್ದರೂ ಅದು ಕೊಳೆಯಲು ಎಷ್ಟು ದಿನ ಬೇಕು ಎಂಬುದೇ ಮೊದಲ ಮಾತು. ಮನೆಯಲ್ಲೂ ಅದೇ ಚಾಳಿ. ಗಂಡನ ಪ್ಲಾಸ್ಟಿಕ್ ಚಪ್ಪಲಿ ನೋಡಿ, “ಇದು ನಮ್ಮಿಬ್ಬರನ್ನೂ ಕಳಿಸಿಕೊಟ್ಟೇ ಹೋಗೋದು” ಎಂದಿದ್ದಳು.

ಸಂದರ್ಶನದಲ್ಲಿ ಕನ್ನಡಕದ ಅಧಿಕಾರಿಣಿ ಶುರುಮಾಡಿದ್ದೂ ಅದೇ ಪದದಿಂದ.

“ಯಾವುದರದು ಮೇಡಂ? ಸೊಪ್ಪಿಂದಾದ್ರೆ ನಲವತ್ತು ದಿನ.” ಹೇಳಿದವಳೇ ನಾಲಿಗೆ ಕಚ್ಚಿಕೊಂಡಳು. “ಅಂದ್ರೆ... ಕಣ್ಣಿಗೆ ಕಾಣದ ಹುಳಗಳು ತಿಂದು ಮಣ್ಣು ಮಾಡೋದು.”

“ಮೀಥೇನ್?”

“ಗೊಬ್ಬರದ ಗುಂಡಿಗೆ ಉಸಿರು ಕಟ್ಟಿದ್ರೆ ಹೊರಡೋ ಅನಿಲ. ಭೂಮಿಗೆ ಕಾವು ಏರಿಸುತ್ತೆ. ಅದಕ್ಕೇ ವಾರಕ್ಕೊಮ್ಮೆ ಮಗುಚಿ ಗಾಳಿ ಆಡಿಸ್ತೀವಿ.”

“ಅಂತರ್ಜಲ?”

“ನೆಲದೊಳಗಿನ ನೀರು. ಕಸದ ರಸ ಇಳಿದು ಅದು ಕೆಡಬಾರ್ದು ಅಂತಾನೇ ಗುಂಡಿ ತಳಕ್ಕೆ ಗಾರೆ ಹಾಕಿರೋದು.”

“ಸುಸ್ಥಿರ ಅಭಿವೃದ್ಧಿ?”

ಇದೊಂದನ್ನು ಅವಳು ಚಾಚೂ ತಪ್ಪದೆ ಉರು ಹೊಡೆದಿದ್ದಳು. “ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುತ್ತಾ, ಮುಂದಿನ ಪೀಳಿಗೆಯ...” ಅಲ್ಲಿಗೆ ಗಾಡಿ ನಿಂತಿತು. ಮುಂದಿನ ಪೀಳಿಗೆಯ ಏನು? ಕೆಲಸ ಕೈತಪ್ಪಿತು ಎಂದುಕೊಂಡಳು. ಹೇಗೂ ಹೋಯಿತಲ್ಲ, ತಿಳಿದದ್ದನ್ನಾದರೂ ಹೇಳಿಯೇ ಏಳೋಣ ಎನಿಸಿತು.

“ಮೇಡಂ, ಬಾಯಿಪಾಠ ಇಷ್ಟೇ. ನಮ್ಮಲ್ಲಿ ಏನು ಮಾಡ್ತೀವಿ ಹೇಳ್ತೀನಿ. ಗುಂಡಿ ಖಾಲಿ ಮಾಡುವಾಗ ಒಂದಷ್ಟು ಹಳೇ ಗೊಬ್ಬರ ತಳದಲ್ಲೇ ಬಿಡ್ತೀವಿ. ಮುಂದಿನ ಕಸಕ್ಕೆ ಅದೇ ಹೆಪ್ಪು. ಗೊಬ್ಬರಕ್ಕೆ ಎಷ್ಟೇ ಜನ ಸಾಲು ನಿಂತ್ರೂ ಅದನ್ನ ಮಾತ್ರ ಮುಟ್ಟಲ್ಲ. ಅದು ನಮ್ಮದಲ್ಲ, ಮುಂದೆ ಬರೋ ಗುಂಡಿದು.”

ಅಧಿಕಾರಿಣಿ ಪಟ್ಟಿ ಪಕ್ಕಕ್ಕಿಟ್ಟು ಖಾಲಿ ಹಾಳೆ ಎಳೆದುಕೊಂಡರು.

“ಇನ್ನೊಂದ್ಸಲ ಹೇಳಿ, ನಿಧಾನವಾಗಿ. ಬರ್ಕೋತೀನಿ. ಹೊಸಬರಿಗೆ ಇನ್ಮೇಲೆ ಇದನ್ನ ನೀವೇ ಹೇಳಿಕೊಡ್ಬೇಕು, ಮೇಲ್ವಿಚಾರಕರೇ.”

ಹತ್ತೊಂಬತ್ತು ವರ್ಷದಲ್ಲಿ ಅವಳ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. ಖುಷಿಯಿಂದ ಒಂದು ಲೋಟ ನೀರು ಕೇಳಿ ಕುಡಿದು, ಮೊದಲಿಂದ ಶುರುಮಾಡಿದಳು.