ಮೊದಲನೇ ಮನೆಯ ರಂಗೋಲಿ

ಬೆಳಗಿನ ಐದೂಕಾಲು. ಕುಶಾಲನಗರದ ಹೊರಗಿನ ರೇಸ್ ಟ್ರ್ಯಾಕಿನ ಮೇಲೆ ಮಂಜು ಇನ್ನೂ ಮೈಮುರಿದು ಎದ್ದಿಲ್ಲ. ಐದು ಮಂದಿ ಹೆಂಗಸರು ಸಾಲಾಗಿ ಪೊರಕೆ ಆಡಿಸುತ್ತ ಮುಂದೆ ಸಾಗುತ್ತಿದ್ದಾರೆ. ಅವರ ಹಿಂದೆ ಹಣೆಗೆ ಟಾರ್ಚು ಕಟ್ಟಿಕೊಂಡು, ಬಕೆಟ್ ಹಿಡಿದು ಲಿಂಗಮ್ಮ. ನಾಲ್ಕು ಹೆಜ್ಜೆಗೊಮ್ಮೆ ಬಗ್ಗುತ್ತಾರೆ, ಕಡಲೆಕಾಳಿನಷ್ಟು ಕಲ್ಲೊಂದನ್ನು ಹೆಕ್ಕುತ್ತಾರೆ, ಬಕೆಟ್ಟಿಗೆ ಹಾಕುತ್ತಾರೆ. ಐದು ಪೊರಕೆಗಳಿಂದ ತಪ್ಪಿಸಿಕೊಂಡ ಕಲ್ಲು ಇವರ ಕಣ್ಣಿಂದ ತಪ್ಪಿಸಿಕೊಳ್ಳುವುದು ಅಪರೂಪ.

ಇವತ್ತು ಭಾನುವಾರ, ದಕ್ಷಿಣ ವಲಯದ ಜಿಟಿ ಚಾಂಪಿಯನ್‌ಷಿಪ್ಪಿನ ಕೊನೆಯ ಪಂದ್ಯ. ನೋಡುವುದಕ್ಕೆ ರಸ್ತೆಯ ಮೇಲಿನ ಸ್ಪೋರ್ಟ್ಸ್ ಕಾರುಗಳೇ. ಒಳಗೆ ಮಾತ್ರ ಡ್ರೈವರನ ಸೀಟೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಿತ್ತು ಹಗುರ ಮಾಡಿರುತ್ತಾರೆ. ಇನ್ನೂರರ ವೇಗದಲ್ಲಿ ಬರುವ ಗಾಡಿಯ ಟೈರು ಸೀಳಲು ಕಳಚಿಬಿದ್ದ ಒಂದು ಬೋಲ್ಟು ಸಾಕು. ಹನ್ನೊಂದು ಗಂಟೆಗೆ ಬಂದು ಕೂರುವ ಎರಡು ಸಾವಿರ ಪ್ರೇಕ್ಷಕರಿಗೆ ಡ್ರೈವರುಗಳ ಹೆಸರು, ಅವರ ಹೆಂಡಂದಿರ ಹೆಸರು ಕೂಡ ಗೊತ್ತು. ಟ್ರ್ಯಾಕು ತಾನಾಗಿಯೇ ಚೊಕ್ಕಟವಾಗಿರುತ್ತದೆಂದು ಅವರ ನಂಬಿಕೆ.

ಲಿಂಗಮ್ಮನಿಗೆ ಐವತ್ನಾಲ್ಕು. ಅವರ ಮಾವನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಕುಟುಂಬ. ಗಂಡ ಸಣ್ಣಸ್ವಾಮಿ ಒಂದೆಕರೆಯಲ್ಲಿ ಶುಂಠಿ, ಜೋಳ ಬೆಳೆಯುತ್ತಾರೆ. ಲಿಂಗಮ್ಮ ಇಪ್ಪತ್ತೆರಡು ವರ್ಷ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ಕೆಲಸದಲ್ಲಿದ್ದವರು. ಹಾಳು ಕಾಳು, ಕಲ್ಲು ಆರಿಸಿ ತೆಗೆಯುವುದು ಅವರ ಪಾಲಿನ ಕೆಲಸ. ಕಾಳಿನ ಬಣ್ಣ ನೋಡಿ ಬೇರೆ ಮಾಡುವ ಯಂತ್ರ ಬಂತು, ಸಾಲಿನಲ್ಲಿ ಕೂತಿದ್ದ ಮೂವತ್ತು ಮಂದಿ ಎದ್ದರು. ಕಣ್ಣು ಮಾತ್ರ ಕೆಲಸ ಮರೆಯಲಿಲ್ಲ. ನಾಲ್ಕು ವರ್ಷದ ಹಿಂದೆ ಟ್ರ್ಯಾಕು ಗುಡಿಸಲು ಜನ ಬೇಕೆಂದಾಗ ಅದೇ ಕಣ್ಣನ್ನು ಇಲ್ಲಿಗೆ ತಂದರು.

ಟ್ರ್ಯಾಕಿನ ಒಂದು ಸುತ್ತು ಎರಡೂ ಮುಕ್ಕಾಲು ಕಿಲೋಮೀಟರು, ಹನ್ನೊಂದು ತಿರುವು. ಏಳೂವರೆಗೆ ಮುಗಿಯಬೇಕು. ಟೈರು ಸವೆದು ಉದುರಿದ ರಬ್ಬರ್ ಚೂರುಗಳೇ ದಿನಕ್ಕೆ ಮೂರು ಗೋಣಿಚೀಲ. ಜತೆಗೆ ಸಿಲ್ವರ್ ಓಕ್ ಎಲೆ, ನಟ್ಟು, ಬೋಲ್ಟು, ಒಮ್ಮೊಮ್ಮೆ ಕಾಫಿ ಬೀಜ ತುಂಬಿದ ಪುನುಗು ಬೆಕ್ಕಿನ ಹಿಕ್ಕೆ. ಹೋದ ವರ್ಷ ಏಳನೇ ತಿರುವಿನಲ್ಲಿ ಆನೆ ಲದ್ದಿಯೂ ಸಿಕ್ಕಿತ್ತು. “ಅದ್ಕೇನ್ ಸಾರ್, ಅದ್ರ ದಾರೀಲಿ ನಾವ್ ರೋಡ್ ಮಾಡಿದೀವಿ” ಎನ್ನುತ್ತಾರೆ ಲಿಂಗಮ್ಮ, ಲದ್ದಿಯ ಮೇಲೆ ಯಾವ ದೂರೂ ಇಲ್ಲದೆ.

ಕೊನೆಗೆ ಬರುವುದು ಓಟ ಶುರುವಾಗುವ ಜಾಗ. ಇಲ್ಲಿ ಒಂದೊಂದು ಕಾರು ನಿಲ್ಲಲು ಒಂದೊಂದರಂತೆ ಇಪ್ಪತ್ತು ಚೌಕಗಳನ್ನು ಬಿಳೀ ಬಣ್ಣದಲ್ಲಿ ಬರೆದಿದ್ದಾರೆ. ಹತ್ತೊಂಬತ್ತನ್ನು ಉಳಿದವರು ಗುಡಿಸುತ್ತಾರೆ. ಮೊದಲನೆಯದಕ್ಕೆ ಲಿಂಗಮ್ಮ ಯಾರನ್ನೂ ಬಿಡುವುದಿಲ್ಲ. ಮಂಡಿಯೂರಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಅಂಗೈ ಸವರಿ ನೋಡುತ್ತಾರೆ. ಅದಕ್ಕೊಂದು ಕಥೆಯಿದೆ, ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ, ಈ ಚೌಕಗಳೇನೆಂದು ರೇಸಿನ ಮುಖ್ಯ ಅಧಿಕಾರಿ ಜಯಪ್ರಕಾಶ್ ಅವರನ್ನು ಕೇಳಿದ್ದರಂತೆ. ಅವಸರದಲ್ಲಿದ್ದ ಅವರು, ಒಂದೊಂದು ಗಾಡಿಗೆ ಒಂದೊಂದು ಮನೆ ಅಂತ ಇಟ್ಕೊಳ್ಳಮ್ಮ ಎಂದು ಹೇಳಿ ಹೋದರು. ಲಿಂಗಮ್ಮ ಹಾಗೇ ಇಟ್ಟುಕೊಂಡರು. ಮನೆಯ ಮುಂದೆ ಗುಡಿಸಿ ಬರಿದೇ ಬಿಡುವುದುಂಟೇ? ಚೌಕಕ್ಕೆ ಮುಂದೆ ಗೆರೆಯಿದೆ, ಹಿಂದೆ ತೆರೆದಿದೆ. ಗಾಡಿ ಒಳಗೆ ಬರುವುದು ಹಿಂದಿನಿಂದ. ಅಂದಮೇಲೆ ಹೊಸ್ತಿಲು ಅಲ್ಲೇ. ಮೊದಲನೇ ಮನೆಯ ಆ ಹೊಸ್ತಿಲಿಗೆ ರಂಗೋಲಿ ಪುಡಿಯಲ್ಲಿ ಎಂಟು ದಳದ ಕಮಲ ಬಿಡಿಸಿದರು. ಚೆನ್ನಾಗಿದೆಯೆಂದು ನಾಲ್ಕು ಜನ ಫೋಟೊ ಹೊಡೆದುಕೊಂಡರೇ ಹೊರತು, ಕಾರಿನ ಹಿಂದಿನ ಚಕ್ರ ಸರಿಯಾಗಿ ಅಲ್ಲೇ ನಿಲ್ಲುತ್ತದೆಂದು ಯಾರಿಗೂ ಹೊಳೆಯಲಿಲ್ಲ.

ಆ ಮನೆಯಲ್ಲಿ ನಿಂತವರು ಮಡಿಕೇರಿಯ ಶಶಿಕುಮಾರ್. ಎದುರಿನ ಕೆಂಪು ದೀಪ ಆರಿತು, ಓಟ ಶುರುವಾಯಿತು. ಪುಡಿಯ ಮೇಲೆ ಚಕ್ರ ಗರಗರ ತಿರುಗಿತೇ ಹೊರತು ಗಾಡಿ ಕದಲಲಿಲ್ಲ. ಹಿಡಿತ ಸಿಗುವಷ್ಟರಲ್ಲಿ ಐದು ಕಾರು ಮುಂದೆ. ಆ ವರ್ಷ ಅವರು ಚಾಂಪಿಯನ್ ಪಟ್ಟ ಕಳೆದುಕೊಂಡಿದ್ದು ಎರಡೇ ಎರಡು ಅಂಕದಿಂದ.

ವಿಚಾರಣೆ ನಡೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಅಲ್ಲಿ ಬೇಕಾದಷ್ಟಿದ್ದರು. ಲಿಂಗಮ್ಮ ಮಾತ್ರ ಬಾಗಿಲಲ್ಲೇ ನಿಂತು, ಹಾಕಿದ್ದು ನಾನು ಎಂದುಬಿಟ್ಟರು. ಅವರನ್ನು ಕೆಲಸದಿಂದ ತೆಗೆಯಬೇಕೆಂಬ ಮಾತೂ ಬಂತು. ಮನೆ ಅಂತ ಹೇಳಿಕೊಟ್ಟವನು ನಾನು, ಮೊದಲು ನನ್ನನ್ನು ತೆಗೆಯಿರಿ ಎಂದು ಜಯಪ್ರಕಾಶ್ ಪಟ್ಟು ಹಿಡಿದದ್ದರಿಂದ ಕೆಲಸ ಉಳಿಯಿತು. ಶಶಿಕುಮಾರ್ ಬಯ್ಯಲಿಲ್ಲ. ಮಾತನ್ನೂ ಆಡಲಿಲ್ಲ. ನಾಲ್ಕು ವರ್ಷದಿಂದ ಎದುರಾದಾಗಲೆಲ್ಲ ಲಿಂಗಮ್ಮನೇ ಪಕ್ಕಕ್ಕೆ ಸರಿಯುತ್ತಾರೆ.

“ಬೈದಿದ್ರೆ ಹಗುರಾಗ್ತಿತ್ತು ಸಾರ್. ಅವ್ರ ಎರಡು ಅಂಕ ಇವತ್ಗೂ ನನ್ ತಲೆ ಮೇಲೈತೆ” ಎನ್ನುತ್ತಾರೆ.

ಇವತ್ತು ಶಶಿಕುಮಾರ್ ಮತ್ತೆ ಮೊದಲನೇ ಮನೆಯಲ್ಲಿದ್ದಾರೆ. ಅವರಿಗೆ ನಲವತ್ತಾರು, ಇದೇ ಕೊನೆಯ ಪಂದ್ಯವೆಂದು ಮೊದಲೇ ಹೇಳಿದ್ದಾರೆ. ಮೊದಲ ಮೂವರಲ್ಲಿ ಬಂದರೂ ಪಟ್ಟ ಅವರದೇ. ಲಿಂಗಮ್ಮ ಆ ಚೌಕವನ್ನು ಮೂರು ಸಲ ಒರೆಸಿದ್ದಾರೆ.

ಹನ್ನೊಂದಕ್ಕೆ ದೀಪ ಆರಿದಾಗ ಅವರು ಪೊರಕೆ ಇಡುವ ಶೆಡ್ಡಿನ ಹಿಂದೆ ಕಣ್ಣು ಮುಚ್ಚಿ ನಿಂತಿರುತ್ತಾರೆ. ಇಪ್ಪತ್ತು ಕಾರುಗಳ ಸದ್ದು ಒಟ್ಟಿಗೇ ಏಳುತ್ತದೆ. ಶಶಿಕುಮಾರ್ ಎಲ್ಲರಿಗಿಂತ ಮುಂದೆ ಹೋದರೆಂದು ಯಾರೋ ಕೂಗಿ ಹೇಳಿದ ಮೇಲೆಯೇ ಲಿಂಗಮ್ಮ ನೆಲಕ್ಕೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಆದರೆ ಆಟ ಅಲ್ಲಿಗೆ ಮುಗಿಯುವುದಿಲ್ಲ. ಎಂಟನೇ ಸುತ್ತಿನ ಒಂಬತ್ತನೇ ತಿರುವಿನಲ್ಲಿ ಶಶಿಕುಮಾರ್ ಬ್ರೇಕು ಒತ್ತುವುದು ಒಂದು ಕ್ಷಣ ತಡವಾಗಿ, ಕಾರು ಪಕ್ಕದ ಮರಳಿಗೆ ಇಳಿಯುತ್ತದೆ. ಮೇಲೆ ಬಂದು ಓಡಿಸಿದರೂ ನಾಲ್ಕನೆಯವರಾಗುತ್ತಾರೆ. ಪಟ್ಟ ಮತ್ತೆ ಇನ್ನೊಬ್ಬರ ಪಾಲು. ಸುದ್ದಿ ಕೇಳಿದ ಲಿಂಗಮ್ಮನ ಮೊದಲ ಪ್ರಶ್ನೆ, ಅಲ್ಲಿ ಕಲ್ಲೇನಾದರೂ ಇತ್ತೇ ಎಂದು. ಯಾರಿಗೂ ಗೊತ್ತಿಲ್ಲ.

ಅರ್ಧ ಗಂಟೆಯ ಮೇಲೆ ಬೆವರಿನಲ್ಲಿ ತೊಯ್ದ ರೇಸ್ ಬಟ್ಟೆಯಲ್ಲೇ ಶಶಿಕುಮಾರ್ ಶೆಡ್ಡಿಗೆ ಬರುತ್ತಾರೆ. ಲಿಂಗಮ್ಮ ಅಭ್ಯಾಸದಂತೆ ಪಕ್ಕಕ್ಕೆ ಸರಿಯುತ್ತಾರೆ. ಈ ಸಲ ಶಶಿಕುಮಾರ್ ಹಾದುಹೋಗುವುದಿಲ್ಲ.

“ಲಿಂಗಮ್ಮ, ಅಲ್ಲಿ ಏನೂ ಇರ್ಲಿಲ್ಲ. ಟ್ರ್ಯಾಕ್ ಕ್ಲೀನಾಗಿತ್ತು. ಇವತ್ತು ಸೋತದ್ದು ನನ್ನ ಕಾಲಿಂದ” ಎನ್ನುತ್ತಾರೆ. ರಂಗೋಲಿಯ ಆ ವರ್ಷವೂ ಒಂದು ಪಂದ್ಯದಲ್ಲಿ ಹೀಗೇ ಮರಳಿಗೆ ಇಳಿದಿದ್ದೆ, ಅದನ್ನು ಯಾರಿಗೂ ನೆನಪಿಸಲು ಹೋಗಲಿಲ್ಲ ಎಂದೂ ಸೇರಿಸುತ್ತಾರೆ.

ಲಿಂಗಮ್ಮ ಫ್ಲಾಸ್ಕಿನಲ್ಲಿ ಉಳಿದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ಕೊಡುತ್ತಾರೆ. ಶಶಿಕುಮಾರ್ ಅಲ್ಲೇ ಗೋಣಿಚೀಲದ ಮೇಲೆ ಕೂತು ಕುಡಿಯುತ್ತಾರೆ.

ಸಂಜೆ ಕೊನೆಯ ಕಾರೂ ಲಾರಿ ಹತ್ತುತ್ತದೆ. ನಾಳೆ ಬೆಳಿಗ್ಗೆ ಕಸ ಗುಡಿಸಿದರೆ, ಇನ್ನು ಮಳೆಗಾಲ ಕಳೆಯುವವರೆಗೆ ಇಲ್ಲಿ ಓಟವಿಲ್ಲ. ಲಿಂಗಮ್ಮ ಜಯಪ್ರಕಾಶರ ಬಳಿ ಹೋಗಿ, ನಾಲ್ಕು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಆಸೆಯೊಂದನ್ನು ಕೇಳುತ್ತಾರೆ. ಅವರು ಖಾಲಿ ಟ್ರ್ಯಾಕಿನ ಉದ್ದಕ್ಕೂ ಕಣ್ಣು ಹಾಯಿಸಿ, ಆಗಲಿ ಎಂದು ತಲೆಯಾಡಿಸುತ್ತಾರೆ. ಲಿಂಗಮ್ಮ ಊಟದ ಚೀಲದಿಂದ ಪುಡಿಯ ಪೊಟ್ಟಣ ತೆಗೆದು, ಮೊದಲನೇ ಮನೆಯ ಹೊಸ್ತಿಲಿಗೆ ಕೂತು, ಎಂಟು ದಳದ ಕಮಲವನ್ನು ಕೈ ತಡೆಯದೆ ಎಳೆಯುತ್ತಾರೆ. ಗೇಟಿನಲ್ಲಿ ಗಂಡ ಸಣ್ಣಸ್ವಾಮಿ ಮೊಪೆಡ್ಡಿನ ಹಾರನ್ ಎರಡು ಸಲ ಒತ್ತಿಯಾಗಿದೆ.

ರಾತ್ರಿಯ ಇಬ್ಬನಿಗೆ ಅರ್ಧ ಹೋಗಿಬಿಡುತ್ತದಲ್ಲಮ್ಮ ಎನ್ನುತ್ತಾರೆ ಜಯಪ್ರಕಾಶ್.

“ಹೋಗ್ಲಿ ಬಿಡಿ ಸಾರ್” ಎನ್ನುತ್ತ ಲಿಂಗಮ್ಮ ಕೈ ಕೊಡವಿಕೊಂಡು ಏಳುತ್ತಾರೆ. “ಉಳಿದಿದ್ದು ಗುಡಿಸಾಕೆ ಬೆಳಿಗ್ಗೆ ನಾನ್ ಬರ್ತೀನಲ್ಲ.”